ಹತ್ತನೆಯ ತರಗತಿಯ ದಸರಾ ರಜೆ: ಪೇಟೆಯ ಕ್ಲಾಸಿಗೆ ಕಳಿಸುವುದೋ, ಮನೆಯಲ್ಲೇ ಓದಿಸುವುದೋ?

ಪ್ರಶ್ನೆ
ಪಾಲಕಿ, ಶಿರಸಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಇಲ್ಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ, ಹತ್ತನೆಯ ತರಗತಿ ಓದುತ್ತಿದ್ದಾಳೆ. ಕಳೆದ ವಾರ ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು ಬಂದವು. ಕನ್ನಡದಲ್ಲಿ 100ಕ್ಕೆ 86 ಬಂದಿದೆ, ಹಿಂದಿ ಮತ್ತು ಸಮಾಜ ವಿಜ್ಞಾನಗಳಲ್ಲಿ ಚೆನ್ನಾಗಿಯೇ ಇದೆ, ಇಂಗ್ಲಿಷ್ ಸಾಧಾರಣ. ಆದರೆ ಗಣಿತದಲ್ಲಿ 80ಕ್ಕೆ 31, ವಿಜ್ಞಾನದಲ್ಲಿ 80ಕ್ಕೆ 42 ಅಂಕಗಳಷ್ಟೇ ಬಂದಿವೆ. ಒಂಬತ್ತನೆಯ ತರಗತಿಯವರೆಗೆ ಇವಳ ಬಗ್ಗೆ ಯಾವ ಶಿಕ್ಷಕರೂ ದೂರಿರಲಿಲ್ಲ; ಆದ್ದರಿಂದ ಅಂಕಪಟ್ಟಿ ನೋಡಿ ನಾನು ನಿಜವಾಗಿಯೂ ಕಂಗಾಲಾದೆ.

ಇನ್ನು ನಾಲ್ಕು ದಿನಕ್ಕೆ ದಸರಾ ರಜೆ ಆರಂಭವಾಗುತ್ತದೆ. ಶಿರಸಿ ಪೇಟೆಯಲ್ಲಿ ರಜೆಯ 15 ದಿನಗಳಲ್ಲಿ ಗಣಿತ ಮತ್ತು ವಿಜ್ಞಾನದ ಪೂರ್ತಿ ಪಠ್ಯವನ್ನು ಮುಗಿಸಿಕೊಡುವ ಕ್ಲಾಸೊಂದು ನಡೆಯಲಿದೆಯೆಂದು ತಿಳಿಯಿತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಪಾಠ. ನಮ್ಮೂರಿನಿಂದ ಬಸ್ಸಿನಲ್ಲಿ ಹೋಗಲು ಒಂದೂಕಾಲು ತಾಸು, ಬರಲು ಅಷ್ಟೇ ಹೊತ್ತು. ಬೆಳಗಿನ ಬಸ್ಸು ತಪ್ಪಿದರೆ ಮುಂದಿನದಕ್ಕೆ ಎರಡು ತಾಸು ಕಾಯಬೇಕು. ಕೊಳೆರೋಗದಿಂದ ಈ ವರ್ಷ ತೋಟದ ಅಡಿಕೆ ಬಹಳಷ್ಟು ಉದುರಿರುವುದರಿಂದ ಶುಲ್ಕವೂ ನಮಗೆ ಸಣ್ಣ ಮೊತ್ತವಲ್ಲ. ಆದರೂ ಮಗಳ ಭವಿಷ್ಯದ ಮಾತಾದ್ದರಿಂದ ಹೇಗಾದರೂ ಹೊಂದಿಸೋಣ ಎಂದು ನನ್ನ ಯಜಮಾನರು ಹೇಳುತ್ತಿದ್ದಾರೆ. ಮಗಳು ಮಾತ್ರ "ಆಯಿ, ನಾನು ಮನೆಯಲ್ಲೇ ಓದುತ್ತೇನೆ" ಎನ್ನುತ್ತಾಳೆ. ಬೆಳಗಿನ ನಾಲ್ಕರಿಂದ ರಾತ್ರಿ ಹತ್ತರವರೆಗೆ ಬಣ್ಣದ ಪೆನ್ನಿನಲ್ಲಿ ವೇಳಾಪಟ್ಟಿಯನ್ನೂ ಬರೆದು ಗೋಡೆಗೆ ಅಂಟಿಸಿದ್ದಾಳೆ. ಅಷ್ಟು ಹೊತ್ತು ಯಾವ ಮಗುವೂ ಕುಳಿತು ಓದಲಾರದು ಎಂಬುದು ನನಗೂ ಗೊತ್ತು.

ಇನ್ನೊಂದು ಸಣ್ಣ ವಿಷಯವಿದೆ. ನಮ್ಮ ಮನೆಯಲ್ಲಿ ನವರಾತ್ರಿಯ ಶಾರದಾ ಪೂಜೆಗೆ ಮಕ್ಕಳ ಪುಸ್ತಕಗಳನ್ನೆಲ್ಲ ಇಡುತ್ತೇವೆ. ವಿಜಯದಶಮಿಯಂದು ತೆಗೆಯುವವರೆಗೆ ಮೂರು ದಿನ ಓದುವಂತಿಲ್ಲ, ಬರೆಯುವಂತಿಲ್ಲ ಎಂಬುದು ಅತ್ತೆಯವರು ನಡೆಸಿಕೊಂಡು ಬಂದ ಪದ್ಧತಿ. ಹತ್ತನೆಯ ತರಗತಿಯ ವರ್ಷ ಆ ಮೂರು ದಿನಗಳನ್ನು ಕಳೆದುಕೊಳ್ಳುವುದು ಸರಿಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1
ನಿವೃತ್ತ ಗಣಿತ ಶಿಕ್ಷಕ, ಅಂಕೋಲಾ

ತಾಯಿ, ಕ್ಲಾಸಿನ ವಿಚಾರವನ್ನು ಆಮೇಲೆ ನೋಡೋಣ. ಮೊದಲು ನೀವು ಮಾಡಬೇಕಾದ ಕೆಲಸ ಒಂದಿದೆ: ಶಾಲೆಯಿಂದ ಗಣಿತದ ಉತ್ತರ ಪತ್ರಿಕೆಯನ್ನು ಕೇಳಿ ಪಡೆದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೋದ 49 ಅಂಕಗಳು ಎಲ್ಲೆಲ್ಲಿ ಹೋದವು ಎಂದು ಒಂದೊಂದಾಗಿ ಹುಡುಕಿ. ನಿಮಗೆ ಗಣಿತ ಬರಬೇಕೆಂದೇನೂ ಇಲ್ಲ. ಪ್ರತಿ ಪ್ರಶ್ನೆಯ ಮುಂದೆಯೂ "ಇದು ನಿನಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ತಪ್ಪಾಯಿತೋ, ಹೊತ್ತು ಸಾಲದೆ ಬಿಟ್ಟೆಯೋ" ಎಂದು ಕೇಳಿ, ಬೈಯದೆ, ಅವಳು ಹೇಳಿದ್ದನ್ನು ಮೂರು ಸಾಲುಗಳಲ್ಲಿ ಬರೆದುಕೊಂಡರೆ ಸಾಕು. ಈ ಮೂರು ಕಾರಣಗಳಿಗೂ ಔಷಧ ಬೇರೆ ಬೇರೆ. ಪೂರ್ತಿ ಪಠ್ಯವನ್ನು 15 ದಿನಗಳಲ್ಲಿ ಮತ್ತೊಮ್ಮೆ ಹೇಳಿ ಮುಗಿಸುವ ಕ್ಲಾಸು ಮೊದಲನೆಯ ಕಾರಣಕ್ಕೆ ಮಾತ್ರ, ಅದೂ ಅರ್ಧಂಬರ್ಧ, ಪರಿಹಾರವಾದೀತು.

ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದವನಾಗಿ ಹೇಳುತ್ತೇನೆ: ಹತ್ತನೆಯ ತರಗತಿಯ ಗಣಿತದಲ್ಲಿ ಸೋಲುವ ಮಕ್ಕಳಲ್ಲಿ ಹೆಚ್ಚಿನವರು ಸೋಲುವುದು ಏಳು-ಎಂಟನೆಯ ತರಗತಿಯ ಗಣಿತದಲ್ಲಿ. ಎರಡು ಚರಾಕ್ಷರಗಳ ಸಮೀಕರಣ ಬಿಡಿಸುವ ಕ್ರಮವನ್ನು ಚೆನ್ನಾಗಿಯೇ ಹೇಳುವ ಹುಡುಗಿ, ಒಂದನ್ನು ಇನ್ನೊಂದರಿಂದ ಕಳೆಯುವಾಗ ಋಣ ಚಿಹ್ನೆಯ ಮುಂದೆ ಮತ್ತೊಂದು ಋಣ ಚಿಹ್ನೆ ಬಂದೊಡನೆ ತಡವರಿಸುತ್ತಾಳೆ. ಏಳರಿಂದ ಋಣ ಮೂರನ್ನು ಕಳೆದರೆ ಹತ್ತು ಎಂಬಲ್ಲಿ ನಾಲ್ಕು ಎಂದು ಬರೆಯುತ್ತಾಳೆ, ಅಲ್ಲಿಂದ ಮುಂದೆ ಲೆಕ್ಕವೆಲ್ಲ ಹಳ್ಳ ಹಿಡಿಯುತ್ತದೆ. ವರ್ಗ ಸಮೀಕರಣದಲ್ಲಿ ಎಡವುವವರಿಗೆ ಅಪವರ್ತಿಸುವುದು ಗಟ್ಟಿಯಿರುವುದಿಲ್ಲ. ತ್ರಿಕೋನಮಿತಿಯಲ್ಲಿ ಎಡವುವವರಿಗೆ ಭಿನ್ನರಾಶಿ ಗಟ್ಟಿಯಿರುವುದಿಲ್ಲ. ಶಾಲೆ ನಡೆಯುತ್ತಿರುವಾಗ ಹಿಂದಿನ ತರಗತಿಯ ಪಾಠಕ್ಕೆ ಮರಳಲು ಶಿಕ್ಷಕರಿಗೂ ಮಕ್ಕಳಿಗೂ ಪುರುಸೊತ್ತಿಲ್ಲ. ರಜೆಯ ನಿಜವಾದ ಬೆಲೆ ಇರುವುದು ಇಲ್ಲೇ ಎಂದು ನಾನು ಬಲವಾಗಿ ನಂಬಿದ್ದೇನೆ. ಆದ್ದರಿಂದ ಮೊದಲ ಐದು ದಿನ ಹತ್ತನೆಯ ತರಗತಿಯ ಗಣಿತ ಪುಸ್ತಕವನ್ನು ಮುಚ್ಚಿಟ್ಟು, ಏಳು ಮತ್ತು ಎಂಟನೆಯ ತರಗತಿಯ ಪುಸ್ತಕಗಳಿಂದ ಧನ-ಋಣ ಸಂಖ್ಯೆ, ಭಿನ್ನರಾಶಿ, ಅಪವರ್ತನ ಇಷ್ಟನ್ನೇ ದಿನಕ್ಕೆ ಎರಡು ತಾಸು ಮಾಡಿಸಿ.

ಸೂತ್ರ ಬಾಯಿಪಾಠ ಬಂದ ಮಾತ್ರಕ್ಕೆ ಲೆಕ್ಕ ಬಂದಂತಲ್ಲ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನೀವೇ ಮಗಳಿಗೆ ಕೇಳಿ ನೋಡಬಹುದು. 5, 8, 11 ಹೀಗೆ ಮೂರು ಮೂರು ಹೆಚ್ಚುತ್ತ ಹೋಗುವ ಸಮಾಂತರ ಶ್ರೇಢಿಯ 20ನೆಯ ಪದ ಯಾವುದು? ಸರಿಯುತ್ತರ 62. ತರಗತಿಯಲ್ಲಿ ಕೇಳಿದಾಗಲೆಲ್ಲ ನಾಲ್ಕಾರು ಮಕ್ಕಳಾದರೂ 65 ಎಂದು ಬರೆಯುತ್ತಿದ್ದರು, ಏಕೆಂದರೆ ಅವರು 5ಕ್ಕೆ 20 ಸಲ 3 ಕೂಡಿಸಿರುತ್ತಾರೆ. ಆಗ ನಾನು ತೋಟದ ಮನೆಯ ಮಕ್ಕಳನ್ನು ಕೇಳುತ್ತಿದ್ದೆ: ಒಂದು ಸಾಲಿನಲ್ಲಿ 20 ಅಡಿಕೆ ಮರಗಳಿದ್ದರೆ ಮರಗಳ ನಡುವಿನ ಅಂತರಗಳು ಎಷ್ಟು? ಹತ್ತೊಂಬತ್ತು. ಮೊದಲ ಪದದಿಂದ 20ನೆಯ ಪದಕ್ಕೆ ಹೋಗಲು 19 ಹೆಜ್ಜೆಗಳೇ ಬೇಕು. ಇದನ್ನು ಒಮ್ಮೆ ಕಣ್ಣಾರೆ ಕಂಡ ಮಗು ಸೂತ್ರದಲ್ಲಿ ಒಂದನ್ನು ಏಕೆ ಕಳೆಯುತ್ತಾರೆ ಎಂಬುದನ್ನು ಮರೆಯುವುದಿಲ್ಲ.

ಐದು ದಿನಗಳ ಬಳಿಕ ದಿನ ಬಿಟ್ಟು ದಿನ ಒಂದು ಪೂರ್ತಿ ಪ್ರಶ್ನೆಪತ್ರಿಕೆಯನ್ನು ಬರೆಸಿ. ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳು ಸಿಗುತ್ತವೆ. ಶಾಲೆಯಲ್ಲಿ ಕೇಳಿದರೆ ಹಳೆಯವನ್ನೂ ಕೊಡುತ್ತಾರೆ. ಗಣಿತದ ಪತ್ರಿಕೆಯ ಮಾದರಿ ನಿಮಗೂ ತಿಳಿದಿರಲಿ: ಒಟ್ಟು 38 ಪ್ರಶ್ನೆಗಳು, 80 ಅಂಕಗಳು. ಅದರಲ್ಲಿ ಬಹು ಆಯ್ಕೆಯವೂ ಸೇರಿ ಒಂದು ಅಂಕದ ಪ್ರಶ್ನೆಗಳು 16, ಎರಡು ಅಂಕದವು 8, ಮೂರು ಅಂಕದವು 9, ನಾಲ್ಕು ಅಂಕದವು 4, ಐದು ಅಂಕದ್ದು ಒಂದು. ಅಂದರೆ ಒಂದು ಮತ್ತು ಎರಡು ಅಂಕದ ಪ್ರಶ್ನೆಗಳಲ್ಲೇ 32 ಅಂಕಗಳಿವೆ. ಕಠಿಣ ಲೆಕ್ಕದ ಭಯದಲ್ಲಿ ಇವುಗಳನ್ನು ಅವಸರದಿಂದ ಬರೆದು ಕಳೆದುಕೊಳ್ಳುವ ಮಕ್ಕಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಬರೆಯಲು ಕೂರುವುದು ಬೆಳಿಗ್ಗೆ ಹತ್ತಕ್ಕೇ ಆಗಲಿ. ಮೊದಲ 15 ನಿಮಿಷ ಪ್ರಶ್ನೆಪತ್ರಿಕೆಯನ್ನು ಓದಲಿ, ಪೆನ್ನು ಮುಟ್ಟದಿರಲಿ. ಪ್ರಮೇಯ ಬರೆಯುವಾಗ ದತ್ತ, ಸಾಧನೀಯ, ರಚನೆ, ಸಾಧನೆ ಈ ನಾಲ್ಕೂ ಶೀರ್ಷಿಕೆಗಳು ಇವೆಯೇ ಎಂದು ನೀವೇ ನೋಡಬಹುದು. ಥೇಲ್ಸ್‌ನ ಪ್ರಮೇಯವನ್ನು ಪೂರ್ತಿ ಬಲ್ಲವರೂ ರಚನೆಯನ್ನು ಬರೆಯಲು ಮರೆತು ಅಂಕ ಬಿಟ್ಟುಕೊಡುತ್ತಾರೆ.

ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆಯುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನೊಬ್ಬನ ಅಭಿಪ್ರಾಯವಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮರಳಿ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಪರೀಕ್ಷಿಸಿದಾಗ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಸ್ಪಷ್ಟವಾಗಿ ಮುಂದಿದ್ದರು. ನಿಮ್ಮ ಮಗಳ ಪರೀಕ್ಷೆ ಇರುವುದು ಐದು ನಿಮಿಷದ ಬಳಿಕವಲ್ಲ, ಐದು ತಿಂಗಳ ಬಳಿಕ. ಅಕ್ಟೋಬರಿನಲ್ಲಿ ಒಮ್ಮೆ ಕಲಿತದ್ದು ಮತ್ತೆ ಮುಟ್ಟದಿದ್ದರೆ ಮಾರ್ಚಿಗೆ ಉಳಿಯುವುದಿಲ್ಲ. ಅದಕ್ಕಾಗಿಯೇ ತಪ್ಪಾದ ಲೆಕ್ಕಗಳನ್ನು ಬೇರೆ ಪಟ್ಟಿಯಲ್ಲಿ ಬರೆದಿಟ್ಟು, ಒಂದು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಪೂರ್ವಸಿದ್ಧತಾ ಪರೀಕ್ಷೆಗೆ ಮುಂಚೆ ಮತ್ತೊಮ್ಮೆ ಮಾಡಿಸಿ.

ಶಾರದಾ ಪೂಜೆಯ ಮೂರು ದಿನಗಳ ಬಗ್ಗೆ ನೀವು ಚಿಂತಿಸಬೇಕಾಗಿಲ್ಲ. ಪುಸ್ತಕ ಪೂಜೆಯಲ್ಲಿರಲಿ. ಅಡುಗೆಮನೆಯಲ್ಲೋ ಅಂಗಳದಲ್ಲೋ ಕೆಲಸ ಮಾಡುವಾಗ ಕಲಿತದ್ದನ್ನು ಬಾಯಲ್ಲಿ ಹೇಳಿಸಿ. ಪುಸ್ತಕವಿಲ್ಲದೆ ಎಷ್ಟು ನೆನಪಿದೆ ಎಂಬುದು ಆ ಮೂರು ದಿನಗಳಲ್ಲಿ ತಾನಾಗಿಯೇ ತಿಳಿಯುತ್ತದೆ.

ಉತ್ತರ 2
ಪಾಲಕಿ, ಕುಮಟಾ ತಾಲ್ಲೂಕಿನ ಕರಾವಳಿ

ಗುರುಗಳು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಎಲ್ಲ ಮನೆಗಳೂ ಒಂದೇ ರೀತಿ ಇರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕೆನಿಸಿತು. ನಮ್ಮದು ಎರಡೇ ಕೋಣೆಯ ಮನೆ. ಯಜಮಾನರು ಬೋಟಿಗೆ ಹೋಗುವವರು. ಜುಲೈ ಕೊನೆಗೆ ಮೀನುಗಾರಿಕೆಯ ನಿಷೇಧ ಮುಗಿದ ಮೇಲೆ ದಸರಾ ಹೊತ್ತಿಗೆ ನಮಗೆ ಕೆಲಸ ಜೋರು. ನಡುರಾತ್ರಿ ಎದ್ದು ಹೋಗುವವರು, ಹಗಲು ಬಂದು ಮಲಗುವವರು, ಬಲೆ ಸರಿಮಾಡಲು ಬಂದು ಕುಳಿತವರು, ಇವರ ನಡುವೆ ನನ್ನ ಮಗನಿಗೆ ಮೂರು ತಾಸು ಒಂದೇ ಕಡೆ ಕುಳಿತು ಬರೆಯುವ ಜಾಗವೇ ಇರಲಿಲ್ಲ. ಹೀಗಾಗಿ ಹೋದ ವರ್ಷ ಅವನನ್ನು ಪೇಟೆಯ ರಜಾ ಕ್ಲಾಸಿಗೆ ಹಾಕಿದೆವು.

ಅಲ್ಲಿ ಹೇಳಿಕೊಟ್ಟ ಪಾಠಕ್ಕಿಂತ, ಒಂದು ಬೆಂಚು, ಒಂದು ಫ್ಯಾನು ಮತ್ತು ಜೊತೆಗೆ ಕುಳಿತು ಓದುವ ನಾಲ್ಕು ಹುಡುಗರು ಸಿಕ್ಕಿದ್ದೇ ಅವನಿಗೆ ಉಪಯೋಗವಾಯಿತು. ಪಾಠ ಬಹಳ ವೇಗವಾಗಿತ್ತು, ಪ್ರಶ್ನೆ ಕೇಳಿದರೆ "ಆಮೇಲೆ ನೋಡೋಣ" ಎನ್ನುತ್ತಿದ್ದರಂತೆ. ಎಂಟು ದಿನ ಹೋಗಿ ಬಿಟ್ಟನು. ಕಟ್ಟಿದ ಹಣ ಮರಳಿ ಬರಲಿಲ್ಲ. ಉಳಿದ ದಿನಗಳಲ್ಲಿ ಅದೇ ನಾಲ್ವರು ನಮ್ಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗ ಅರಿವು ಕೇಂದ್ರ ಎನ್ನುತ್ತಾರಲ್ಲ, ಅಲ್ಲಿಗೆ ಹೋಗಿ ಕುಳಿತರು. ಒಬ್ಬನಿಗೆ ವಿಜ್ಞಾನದ ಕಿರಣ ಚಿತ್ರಗಳು ಚೆನ್ನಾಗಿ ಬರುತ್ತಿದ್ದವು, ನನ್ನ ಮಗನಿಗೆ ಸಮೀಕರಣ ಸರಿದೂಗಿಸುವುದು ಬರುತ್ತಿತ್ತು, ಪರಸ್ಪರ ಹೇಳಿಕೊಟ್ಟರು. ಕಾದ ಕಬ್ಬಿಣದ ಮೇಲೆ ನೀರಾವಿ ಹಾಯಿಸುವ ಸಮೀಕರಣದಲ್ಲಿ ಕಬ್ಬಿಣಕ್ಕೆ 3, ನೀರಿಗೆ 4, ಹೈಡ್ರೋಜನ್ನಿಗೆ 4 ಏಕೆ ಬರುತ್ತದೆ ಎಂದು ಉಳಿದ ಮೂವರಿಗೆ ಹೇಳಿ ಹೇಳಿ ಅವನಿಗೆ ಆ ಪಾಠವೇ ಗಟ್ಟಿಯಾಯಿತು.

ಆದ್ದರಿಂದ ಅಕ್ಕಾ, ನಿಮ್ಮ ಮನೆಯಲ್ಲಿ ಶಾಂತವಾದ ಒಂದು ಮೂಲೆ ಇದ್ದರೆ ಮಗಳ ಮಾತನ್ನೇ ಕೇಳಿ. ದಿನಕ್ಕೆ ಎರಡೂವರೆ ತಾಸು ಬಸ್ಸಿನಲ್ಲಿ ಕಳೆದರೆ ಹದಿನೈದು ದಿನಕ್ಕೆ ಮೂವತ್ತೇಳು ತಾಸು ಮೀರುತ್ತದೆ. ಅಷ್ಟು ಹೊತ್ತಿನಲ್ಲಿ ಹತ್ತಕ್ಕಿಂತ ಹೆಚ್ಚು ಪ್ರಶ್ನೆಪತ್ರಿಕೆಗಳನ್ನು ಬರೆಯಬಹುದು. ಫೋನಿನ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಪಾಠದ ವಿಡಿಯೋ ನೋಡುವುದು ತಪ್ಪಲ್ಲ, ಆದರೆ ನೋಡಿದ ಲೆಕ್ಕವನ್ನು ಫೋನು ನಿಮ್ಮ ಕೈಗೆ ಕೊಟ್ಟ ಮೇಲೆ ಬಿಳಿ ಹಾಳೆಯಲ್ಲಿ ಮಾಡಿ ತೋರಿಸಬೇಕು.

ಉತ್ತರ 3
ಪದವಿಪೂರ್ವ ವಿದ್ಯಾರ್ಥಿ, ಕದ್ರಾ, ಕಾರವಾರ ತಾಲ್ಲೂಕು

ಅಕ್ಕಾ, ನಾನು ಹತ್ತನೆಯ ತರಗತಿಯ ವಾರ್ಷಿಕ ಪರೀಕ್ಷೆಯ ಮೊದಲ ಸುತ್ತಾದ ಪರೀಕ್ಷೆ-1ರಲ್ಲಿ ಗಣಿತದಲ್ಲಿ ಅನುತ್ತೀರ್ಣನಾಗಿ, ಎರಡನೆಯ ಸುತ್ತಾದ ಪರೀಕ್ಷೆ-2ರಲ್ಲಿ ಉತ್ತೀರ್ಣನಾದವನು. ಆದ್ದರಿಂದ ನಾನು ಮಾಡಿದ ತಪ್ಪುಗಳನ್ನು ಹೇಳುವುದು ಉಪಯೋಗವಾಗಬಹುದು ಎಂದುಕೊಂಡಿದ್ದೇನೆ. ನಿಮ್ಮ ಮಗಳಂತೆಯೇ ನಾನೂ ಬೆಳಗಿನ ನಾಲ್ಕರಿಂದ ವೇಳಾಪಟ್ಟಿ ಬರೆದಿದ್ದೆ. ಎರಡು ದಿನ ನಡೆಯಿತು. ಮೂರನೆಯ ದಿನ ಗದ್ದೆಯಲ್ಲಿ ಭತ್ತದ ಕೊಯ್ಲಿಗೆ ಕರೆದರು, ಪಟ್ಟಿ ತಪ್ಪಿತು. ತಪ್ಪಿದ ಪಟ್ಟಿಯನ್ನು ನೋಡಲು ಬೇಸರವಾಗಿ ಉಳಿದ ರಜೆಯೆಲ್ಲ ಹಾಗೆಯೇ ಕಳೆದುಹೋಯಿತು. ಮನೆಯ ಕೆಲಸ ಬರುತ್ತದೆ ಎಂದು ಮೊದಲೇ ತಿಳಿದು ದಿನಕ್ಕೆ ಐದು ತಾಸು ಮಾತ್ರ ಇಟ್ಟುಕೊಂಡಿದ್ದರೆ ಹೀಗಾಗುತ್ತಿರಲಿಲ್ಲ. ಪರೀಕ್ಷೆ-2ಕ್ಕೆ ಓದುವಾಗ ನಾನು ಮಾಡಿದ್ದು ಅಷ್ಟೇ: ಬೆಳಿಗ್ಗೆ ಮೂರು ತಾಸು ಬರೆಯುವುದು, ಸಂಜೆ ಎರಡು ತಾಸು ಬರೆದದ್ದನ್ನು ತಿದ್ದುವುದು.

ಬರುತ್ತದೆ ಎಂದು ಬಿಟ್ಟ ವಿಷಯಗಳನ್ನೂ ಒಮ್ಮೆ ಪರೀಕ್ಷಿಸಿ. ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆಗೆ 5 ಅಂಕಗಳಿವೆ. ನಮ್ಮ ಮನೆಯಿಂದ ಕೈಗಾ ಅಣುವಿದ್ಯುತ್ ಸ್ಥಾವರ ಹತ್ತಿರ, ಅಲ್ಲಿಗೆ ಕೆಲಸಕ್ಕೆ ಹೋಗುವವರ ಬಸ್ಸುಗಳನ್ನು ದಿನವೂ ನೋಡುತ್ತ ಬೆಳೆದವನು ನಾನು. ಆದರೂ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕೈಗಾವನ್ನು ಮಂಗಳೂರಿಗಿಂತ ಕೆಳಗೆ ಗುರುತಿಸಿದ್ದೆ. ಶಿಕ್ಷಕಿಯವರು ಕೆಂಪು ಶಾಯಿಯಲ್ಲಿ ಗೋವಾದ ಕೆಳಗೊಂದು ಚುಕ್ಕೆ ಇಟ್ಟು ಬಾಣ ಎಳೆದು ಕೊಟ್ಟಿದ್ದರು. ಆಮೇಲೆ ಖಾಲಿ ನಕ್ಷೆಗಳನ್ನು ತಂದು ಮೊದಲು 23½ ಡಿಗ್ರಿಯ ಕರ್ಕಾಟಕ ಸಂಕ್ರಾಂತಿ ವೃತ್ತವನ್ನೂ 82½ ಡಿಗ್ರಿಯ ರೇಖಾಂಶವನ್ನೂ ಎಳೆದುಕೊಂಡು, ಅವುಗಳ ಆಸರೆಯಿಂದ ಉಳಿದ ಸ್ಥಳಗಳನ್ನು ಗುರುತಿಸುತ್ತ ಹೋದೆ. ದಿನಕ್ಕೆ ಹತ್ತು ನಿಮಿಷ ಸಾಕು.

ಕನ್ನಡದಲ್ಲಿ ಪ್ರಸ್ತಾರ ಹಾಕಿ ಗಣ ವಿಭಾಗಿಸುವುದು ನನಗೆ ಸುಲಭವಾದದ್ದು ಯಕ್ಷಗಾನದಿಂದ. ಭಾಗವತರು ಹಾಡುವ, ಆರು ಸಾಲುಗಳ ಭಾಮಿನಿ ಷಟ್ಪದಿ ಕಿವಿಯಲ್ಲಿ ಇದ್ದುದರಿಂದ ಮೂರು-ನಾಲ್ಕು, ಮೂರು-ನಾಲ್ಕು ಎಂದು ಬೆರಳಿನಲ್ಲಿ ಎಣಿಸಿದರೆ ಸಣ್ಣ ಸಾಲಿಗೆ 14 ಮಾತ್ರೆ, ಮೂರನೆಯ ಮತ್ತು ಆರನೆಯ ದೊಡ್ಡ ಸಾಲುಗಳಿಗೆ ಕೊನೆಯ ಗುರು ಸೇರಿ 23 ಮಾತ್ರೆ ತಾನಾಗಿ ಬರುತ್ತಿತ್ತು. ನಿಮ್ಮ ಕಡೆಯೂ ಆಟ ನೋಡದ ಮಕ್ಕಳಿಲ್ಲ.

ವಾರ್ಷಿಕ ಪರೀಕ್ಷೆಯನ್ನು ಅದೇ ವರ್ಷ ಒಂದಕ್ಕಿಂತ ಹೆಚ್ಚು ಸಲ ಬರೆಯಬಹುದು, ಅವುಗಳಲ್ಲಿ ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಇದನ್ನು ಮಗಳಿಗೆ ಈಗಲೇ ಹೇಳಿಡಿ. ಓದು ಸಡಿಲವಾದೀತು ಎಂಬ ಭಯಕ್ಕೆ ನನ್ನ ಮನೆಯಲ್ಲಿ ಇದನ್ನು ಹೇಳಿರಲಿಲ್ಲ. ಫಲಿತಾಂಶದ ದಿನ ನಾನು ಎಲ್ಲವೂ ಮುಗಿಯಿತೆಂದು ಊಟ ಬಿಟ್ಟು ಕುಳಿತಿದ್ದೆ.

ಪ್ರಶ್ನೆ ಕೇಳಿದವರ ಮರುಬರಹ
ಪಾಲಕಿ, ಶಿರಸಿ ತಾಲ್ಲೂಕು

ಮೂವರಿಗೂ ಮನಸಾರೆ ಕೃತಜ್ಞತೆಗಳು. ತಮ್ಮಾ, ಪರೀಕ್ಷೆಯನ್ನು ಮತ್ತೆ ಬರೆಯಬಹುದೆಂಬ ವಿಷಯವನ್ನು ನಿನ್ನೆ ರಾತ್ರಿಯೇ ಮಗಳಿಗೆ ಹೇಳಿದೆ. ನೀನು ಬರೆದದ್ದನ್ನೂ ಓದಿಸಿದೆ.

ಮಾಸ್ತರರೇ, ಇವತ್ತು ಶಾಲೆಯಿಂದ ಉತ್ತರ ಪತ್ರಿಕೆಯನ್ನು ತಂದು ಮಗಳ ಜೊತೆ ಕುಳಿತೆ. ಮೊದಲಿಗೆ ತೋರಿಸಲೇ ಒಪ್ಪಲಿಲ್ಲ. ನಾನು ಬೈಯುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಅವಳೇ ಒಂದೊಂದು ಪ್ರಶ್ನೆಗೂ ಕಾರಣ ಹೇಳುತ್ತ ಹೋದಳು. ಹೋದ 49 ಅಂಕಗಳಲ್ಲಿ ನಿಜವಾಗಿ ಗೊತ್ತಿಲ್ಲದ್ದು 16, ಗೊತ್ತಿದ್ದೂ ತಪ್ಪಾದದ್ದು 19, ಹೊತ್ತು ಸಾಲದೆ ಬಿಟ್ಟದ್ದು 14. ಗೊತ್ತಿಲ್ಲದ್ದರಲ್ಲಿ ಹೆಚ್ಚಿನವು ತ್ರಿಭುಜಗಳ ಅಧ್ಯಾಯದವು. ತಪ್ಪಾದವುಗಳಲ್ಲಿ ಏಳು ಕಡೆ ನೀವು ಹೇಳಿದ ಚಿಹ್ನೆಯ ತಪ್ಪೇ ಇತ್ತು. ನಾನು ಇಷ್ಟು ದಿನ ಇವಳಿಗೆ ಗಣಿತವೇ ಬರುವುದಿಲ್ಲ ಎಂದುಕೊಂಡಿದ್ದೆ.

ಶ್ರೇಢಿಯ ಪ್ರಶ್ನೆಯನ್ನೂ ಕೇಳಿದೆ. 65 ಎಂದಳು. ಸಂಜೆ ತೋಟಕ್ಕೆ ಕರೆದುಕೊಂಡು ಹೋಗಿ ಸಾಲು ತೋರಿಸಿದೆ. ಮರದಿಂದ ಮರಕ್ಕೆ ನಡೆಯುತ್ತ ಎಣಿಸಿದಳು, ಇಪ್ಪತ್ತನೆಯ ಮರವನ್ನು ಮುಟ್ಟಿ ನಿಂತು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ, ಆಮೇಲೆ "ಅರವತ್ತೆರಡು, ಆಯಿ" ಎಂದಳು.

ಕ್ಲಾಸಿಗೆ ಕಳಿಸುವುದಿಲ್ಲ ಎಂದು ತೀರ್ಮಾನಿಸಿದ್ದೇವೆ. ಮಹಡಿಯ ಮೇಲಿನ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದೇವೆ. ಪೂಜೆಯ ಮೂರು ದಿನ ಬರೆಯುವುದು ಬೇಡ, ಬಾಯಲ್ಲಿ ಹೇಳಲು ಅಡ್ಡಿಯಿಲ್ಲ, ತಾನೇ ಕುಳಿತು ಕೇಳುತ್ತೇನೆ ಎಂದು ಅತ್ತೆಯವರು ಹೇಳಿದ್ದಾರೆ. ಒಂದು ಸಂಶಯ ಉಳಿದಿದೆ: ಹೊತ್ತು ಸಾಲದೆ ಬಿಟ್ಟ 14 ಅಂಕಗಳಿಗೆ ಏನು ಮಾಡಬೇಕು?

ಉತ್ತರ 4
ನಿವೃತ್ತ ಗಣಿತ ಶಿಕ್ಷಕ, ಅಂಕೋಲಾ

ಹೊತ್ತು ಸಾಲದಿರುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ ತಾಯಿ. ಒಂದು, ಬಾರದ ಲೆಕ್ಕದ ಮುಂದೆ ಹತ್ತು-ಹದಿನೈದು ನಿಮಿಷ ಪಟ್ಟು ಹಿಡಿದು ಕೂರುವುದು. ಇನ್ನೊಂದು, ಕಚ್ಚಾ ಲೆಕ್ಕವನ್ನು ಬೇರೆಡೆ ಮಾಡಿ ಮತ್ತೆ ಅಂದವಾಗಿ ನಕಲು ಮಾಡುವುದು. ಯಾವುದೆಂದು ತಿಳಿಯಬೇಕಾದರೆ ಮೊದಲ ಪತ್ರಿಕೆ ಬರೆಯುವಾಗ ಪ್ರತಿ ಅರ್ಧ ತಾಸಿಗೆ ಒಮ್ಮೆ ಅವಳು ಯಾವ ಪ್ರಶ್ನೆಯಲ್ಲಿದ್ದಾಳೆ ಎಂದು ನೀವು ದೂರದಿಂದಲೇ ಗುರುತು ಹಾಕಿಕೊಳ್ಳಿ, ಮಾತನಾಡಿಸಬೇಡಿ. ಮೂರು ಅಂಕದ ಪ್ರಶ್ನೆಗೆ ಏಳು ನಿಮಿಷ ಮೀರಿದರೆ ಜಾಗ ಬಿಟ್ಟು ಮುಂದೆ ಹೋಗಬೇಕು, ಕೊನೆಗೆ ಮರಳಿ ಬರಬೇಕು. ಬಿಟ್ಟು ಹೋಗುವುದಕ್ಕೂ ಅಭ್ಯಾಸ ಬೇಕಾಗುತ್ತದೆ.

ತ್ರಿಭುಜಗಳ ಅಧ್ಯಾಯವನ್ನು ಆರನೆಯ ದಿನಕ್ಕೆ ಇಟ್ಟುಕೊಳ್ಳಿ, ಅದಕ್ಕೆ ಮುಂಚೆ ಬೇಡ. ಮೊದಲ ಪತ್ರಿಕೆಯಲ್ಲಿ ಅಂಕ ಎಷ್ಟೇ ಬರಲಿ, ಅವಳು ಯಾವ ಪ್ರಶ್ನೆಯ ಮುಂದೆ ಹೆಚ್ಚು ಹೊತ್ತು ಕುಳಿತಳು ಎಂಬುದನ್ನು ಇಲ್ಲಿ ಬರೆಯಿರಿ, ನಾನು ನೋಡುತ್ತಿರುತ್ತೇನೆ.